ದಿನಚರಿಗೆ ಬಂದ ಸಂಭಾವನೆ

ಬರೆದು ಬದುಕುವುದು ಕನ್ನಡದಲ್ಲಿ ಯಾವ ಕಾಲಕ್ಕೂ ಸಲೀಸಾಗಿರಲಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ಅಲೆದು ಮಾರಿದ ಕತೆ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ದಂತಕತೆಯಂತೆ ಉಳಿದಿದೆ. ಉಳಿದವರು ಮೇಷ್ಟರ ಕೆಲಸವನ್ನೋ ಗುಮಾಸ್ತಿಕೆಯನ್ನೋ ಹಿಡಿದು, ಬಿಡುವಿನಲ್ಲಿ ಬರೆದು ಪತ್ರಿಕೆಗೆ ಕಳುಹಿಸಿ, ಮನಿಯಾರ್ಡರ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದುಕೊಂಡು ಕಾಲ ಹಾಕಿದರು. ‘ಸಂಭಾವನೆ’ ಎಂಬ ನಮ್ಮ ಪದವನ್ನೇ ನೋಡಿ. ಅದು ಕೂಲಿಯೂ ಅಲ್ಲ, ಸಂಬಳವೂ ಅಲ್ಲ. ಮರ್ಯಾದೆಗೆ ಕೊಡುವ ಕಾಣಿಕೆ. ಕೇಳಿ ಪಡೆಯುವಂಥದ್ದಲ್ಲ.

ಹೀಗಿರುವಾಗ, ಸಂಪಾದಕರ ಅಪ್ಪಣೆ ಬೇಡ, ಪ್ರಕಾಶಕರ ದಾಕ್ಷಿಣ್ಯ ಬೇಡ, ಮನೆಯ ಮೂಲೆಯಲ್ಲಿ ಕುಳಿತು ತನಗೆ ತೋಚಿದ್ದನ್ನು ಬರೆದು ಅಂತರ್ಜಾಲಕ್ಕೆ ಹಾಕಿದರೆ ತಿಂಗಳ ಕೊನೆಗೆ ಡಾಲರಿನಲ್ಲಿ ಹಣ ಬರುತ್ತದೆ ಎಂಬ ಸುದ್ದಿ ಹರಡಿದಾಗ ಜನರಿಗೆ ಹೇಗೆ ಕಂಡಿರಬೇಕು! ಕೆಲವರು ಇದು ಚೈನ್ ಲಿಂಕ್ ವ್ಯವಹಾರದಂಥ ಮೋಸವೆಂದು ಮೂಗು ಮುರಿದರು. ಕೆಲವರು ಕೆಲಸ ಬಿಟ್ಟು ಅದಕ್ಕೇ ಇಳಿದರು. ಇದು ಮೋಸವಾಗಿರಲಿಲ್ಲ, ಕಾಮಧೇನುವೂ ಆಗಿರಲಿಲ್ಲ. ಹಾಗಾದರೆ ಆ ಹಣ ಕೊಡುತ್ತಿದ್ದವರು ಯಾರು, ಯಾತಕ್ಕಾಗಿ ಕೊಟ್ಟರು, ಕನ್ನಡದಲ್ಲಿ ಬರೆದವರಿಗೆ ಅದು ಅಷ್ಟು ತಡವಾಗಿ ಬಂದದ್ದು ಏಕೆ? ಇದು ಮೂವತ್ತು ವರ್ಷಗಳಷ್ಟು ಹಿಂದಕ್ಕೆ ಹೋಗುವ ಕತೆ.

1994ರ ಜನವರಿಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಕಾಲೇಜಿನ ವಿದ್ಯಾರ್ಥಿ ಜಸ್ಟಿನ್ ಹಾಲ್ ತನ್ನ ಸ್ವಂತ ಪುಟವೊಂದನ್ನು ಅಂತರ್ಜಾಲದಲ್ಲಿ ತೆರೆದ. ತಾನು ಕಂಡ ತಾಣಗಳ ವಿಳಾಸ, ತನ್ನ ದಿನದ ಆಗುಹೋಗು, ಮನೆಯ ಸಂಕಟ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆಯುತ್ತ ಹೋದ. ಮೊದಮೊದಲ ಬ್ಲಾಗರುಗಳ ಪೈಕಿ ಆತನ ಹೆಸರು ಇಂದಿಗೂ ಮೊದಲಿಗೆ ಬರುತ್ತದೆ. ಆಗ ‘ಬ್ಲಾಗ್’ ಎಂಬ ಪದವೇ ಇರಲಿಲ್ಲ. ‘ವೆಬ್‌ಲಾಗ್’ ಎಂಬ ಮಾತನ್ನು ಜಾರ್ನ್ ಬಾರ್ಗರ್ ಎಂಬಾತ ಬಳಕೆಗೆ ತಂದದ್ದು 1997ರ ಡಿಸೆಂಬರಿನಲ್ಲಿ. 1999ರಲ್ಲಿ ಪೀಟರ್ ಮೆರ್‌ಹೋಲ್ಜ್ ತಮಾಷೆಗೆ ಆ ಪದವನ್ನು ಮಧ್ಯದಲ್ಲಿ ಮುರಿದದ್ದರಿಂದ ‘ಬ್ಲಾಗ್’ ಹುಟ್ಟಿತು.

ಜಸ್ಟಿನ್ ಹಾಲ್ ಪುಟ ತೆರೆದ ವರ್ಷದಲ್ಲೇ, ಅಕ್ಟೋಬರ್ 27ರಂದು, ‘ಹಾಟ್‌ವೈರ್ಡ್’ ಎಂಬ ಜಾಲಪತ್ರಿಕೆ ದೂರವಾಣಿ ಸಂಸ್ಥೆ ಎಟಿ ಅಂಡ್ ಟಿಯದೊಂದು ಪಟ್ಟಿಯಾಕಾರದ ಜಾಹೀರಾತನ್ನು ತನ್ನ ಪುಟದ ಮೇಲೆ ಅಂಟಿಸಿತು. ಅದೇ ಬ್ಯಾನರ್ ಜಾಹೀರಾತುಗಳ ಮೂಲಪುರುಷ. ಮೂರು ತಿಂಗಳಿಗೆ 30 ಸಾವಿರ ಡಾಲರ್ ಬಾಡಿಗೆ ಎಂದು ವರದಿಗಳು ಹೇಳುತ್ತವೆ. ಬರಹ ಮತ್ತು ಜಾಹೀರಾತು ಒಂದೇ ವರ್ಷ ಹುಟ್ಟಿದವಾದರೂ ಅವೆರಡೂ ಒಂದೇ ಮನೆಯಲ್ಲಿ ಸಂಸಾರ ಹೂಡಲು ಇನ್ನೂ ಒಂಬತ್ತು ವರ್ಷ ಬೇಕಾಯಿತು.

ಜಾಹೀರಾತಿನಿಂದ ಬರಹ ಬದುಕುವುದು ಹೊಸದೇನಲ್ಲ. 1833ರಲ್ಲಿ ಬೆಂಜಮಿನ್ ಡೇ ಎಂಬ ಮುದ್ರಕ ನ್ಯೂಯಾರ್ಕಿನಲ್ಲಿ ‘ದಿ ಸನ್’ ಪತ್ರಿಕೆಯನ್ನು ಒಂದೇ ಒಂದು ಸೆಂಟಿಗೆ ಮಾರಿದ. ಉಳಿದ ಪತ್ರಿಕೆಗಳಿಗೆ ಆರು ಸೆಂಟ್ ಇದ್ದ ಕಾಲ ಅದು. ಕಾಗದದ ಖರ್ಚೂ ಹುಟ್ಟದ ಬೆಲೆಗೆ ಪತ್ರಿಕೆ ಕೊಟ್ಟು ಓದುಗರನ್ನು ಗುಡ್ಡೆ ಹಾಕಿಕೊಂಡು, ಆ ಓದುಗರ ಕಣ್ಣನ್ನು ವ್ಯಾಪಾರಿಗಳಿಗೆ ಮಾರುವುದು ಆತನ ಯುಕ್ತಿ. ನೀವು ಈಗ ಓದುತ್ತಿರುವಂಥ ಪತ್ರಿಕೆಗಳೂ ಆ ಲೆಕ್ಕಾಚಾರದ ಮೇಲೇ ನಿಂತಿವೆ. ಆದರೆ ಬೆಂಜಮಿನ್ ಡೇ ತರಹ ಜಾಹೀರಾತು ಹಿಡಿಯಲು ಅಂಗಡಿ ಅಂಗಡಿ ಸುತ್ತುವ ಜನ ಬೇಕು, ಲೆಕ್ಕ ಬರೆಯುವ ಗುಮಾಸ್ತ ಬೇಕು. ಕೋಣೆಯಲ್ಲಿ ಒಂಟಿಯಾಗಿ ಕುಳಿತು ಅಡುಗೆಯ ಬಗ್ಗೆಯೋ ಕ್ರಿಕೆಟ್ಟಿನ ಬಗ್ಗೆಯೋ ಬರೆಯುವವನಿಗೆ ಇವನ್ನೆಲ್ಲ ಯಾರು ಮಾಡಿಕೊಡಬೇಕು?

ಅಂಥವನಿಗೆ ಮೊದಲು ಸಿಕ್ಕ ದಾರಿ ದಲ್ಲಾಳಿಕೆ. 1996ರ ಜುಲೈಯಲ್ಲಿ ಅಮೆಜಾನ್ ಪುಸ್ತಕದಂಗಡಿ ‘ಅಸೋಸಿಯೇಟ್ಸ್’ ಎಂಬ ಯೋಜನೆ ತಂದಿತು. ನಿಮ್ಮ ಪುಟದಲ್ಲಿ ಪುಸ್ತಕವೊಂದರ ಬಗ್ಗೆ ಬರೆದು ಅಲ್ಲೊಂದು ಕೊಂಡಿ ಹಾಕಿ; ಓದಿದವರು ಅದರ ಮೂಲಕ ಬಂದು ಪುಸ್ತಕ ಕೊಂಡರೆ ನಿಮಗಿಷ್ಟು ಕಮಿಷನ್. ಇಂದು ಫೋನು, ಮಿಕ್ಸರ್, ಚಪ್ಪಲಿಯ ‘ವಿಮರ್ಶೆ’ ಬರೆದು ಕೆಳಗೆ ಕೊಂಡಿ ಹಾಕುವವರೆಲ್ಲರೂ ಈ ಯೋಜನೆಯ ಮೊಮ್ಮಕ್ಕಳೇ.

1999ರ ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪೈರಾ ಲ್ಯಾಬ್ಸ್ ಎಂಬ ಪುಟ್ಟ ಕಂಪನಿ ‘ಬ್ಲಾಗರ್’ ಸೇವೆಯನ್ನು ಬಿಡುಗಡೆ ಮಾಡಿತು. ಇವಾನ್ ವಿಲಿಯಮ್ಸ್ ಮತ್ತು ಮೆಗ್ ಹೌರಿಹನ್ ಇದರ ಸ್ಥಾಪಕರು. ಕಂಪ್ಯೂಟರ್ ಭಾಷೆಯ ಗಂಧಗಾಳಿ ಇಲ್ಲದವರೂ ಬರೆದು ಗುಂಡಿ ಒತ್ತಿದರೆ ಪ್ರಕಟವಾಗುವಂಥ ಅನುಕೂಲ ಅದು, ಅದೂ ಉಚಿತ. ಉಚಿತವಾದ್ದರಿಂದಲೇ ಕಂಪನಿ ಬರಿಗೈಯಾಯಿತು. ಹೊಸ ಸರ್ವರ್ ಕೊಳ್ಳಲು ಬಳಕೆದಾರರಿಂದಲೇ ಚಂದಾ ಎತ್ತಬೇಕಾಯಿತು. 2001ರ ಆರಂಭದಲ್ಲಿ ಸಿಬ್ಬಂದಿಯೆಲ್ಲ ಹೊರಟುಹೋಗಿ ವಿಲಿಯಮ್ಸ್ ಒಬ್ಬನೇ ಉಳಿದ. ಜಗತ್ತಿಗೆಲ್ಲ ಬರೆಯಲು ಜಾಗ ಕೊಟ್ಟವನ ಕೈಯಲ್ಲೇ ಬಾಡಿಗೆಗೆ ಕಾಸಿಲ್ಲ!

ಈ ಕಾಲದ ಬರಹಗಾರರಲ್ಲಿ ಹೆದರ್ ಆರ್ಮ್‌ಸ್ಟ್ರಾಂಗ್ ಎಂಬಾಕೆಯ ಕತೆಯನ್ನು ಹೇಳಲೇಬೇಕು. 2001ರಲ್ಲಿ ‘ಡೂಸ್’ ಎಂಬ ಬ್ಲಾಗ್ ತೆರೆದ ಈಕೆ ತನ್ನ ಕಚೇರಿಯವರ ಬಗ್ಗೆ ಅಲ್ಲಿ ಗೇಲಿಯಾಗಿ ಬರೆದು, 2002ರಲ್ಲಿ ಕೆಲಸವನ್ನೇ ಕಳೆದುಕೊಂಡಳು. ಬ್ಲಾಗ್ ಬರೆದು ನೌಕರಿ ಹೋದವರಿಗೆ ‘ಡೂಸ್ ಆದರು’ ಎನ್ನುವ ಮಾತೇ ಇಂಗ್ಲಿಷಿನಲ್ಲಿ ಹುಟ್ಟಿಕೊಂಡಿತು. ನಂತರ ಆಕೆ ತಾಯ್ತನದ ಬಗ್ಗೆ, ಬಾಣಂತನದ ನಂತರ ತನ್ನನ್ನು ಕಾಡಿದ ಖಿನ್ನತೆಯ ಬಗ್ಗೆ ಎಗ್ಗಿಲ್ಲದೆ ಬರೆದಳು. 2004ರಲ್ಲಿ ಪುಟದ ಮೇಲೆ ಜಾಹೀರಾತು ಹಾಕಿದಾಗ ಓದುಗರಲ್ಲಿ ಹಲವರು ಸಿಟ್ಟಾದರು. ಆದರೆ ಮರುವರ್ಷದ ಹೊತ್ತಿಗೆ ಆ ಜಾಹೀರಾತಿನ ಹಣದಿಂದಲೇ ಸಂಸಾರ ನಡೆಯತೊಡಗಿತು. ಯಾವ ಬರಹ ಆಕೆಯ ಕೆಲಸ ಕಿತ್ತುಕೊಂಡಿತ್ತೋ ಅದೇ ಬರಹ ಅನ್ನ ಕೊಟ್ಟಿತು. ಆದರೆ ಮನೆಯ ಜಗಳ, ಮಕ್ಕಳ ಹಟ, ತನ್ನ ಕಾಯಿಲೆ ಎಲ್ಲವೂ ದುಡಿಮೆಯ ಸರಕಾದಾಗ ಬದುಕುವುದೆಲ್ಲಿ, ಬರೆಯುವುದೆಲ್ಲಿ? ಆಕೆಯ ಯಶಸ್ಸನ್ನು ಹೊಗಳಿದವರು ಈ ಭಾರವನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ. 2023ರ ಮೇ ತಿಂಗಳಲ್ಲಿ ಆಕೆ ತೀರಿಕೊಂಡಳು.

ಇನ್ನು ಗೂಗಲ್. 2003ರ ಫೆಬ್ರುವರಿಯಲ್ಲಿ ಅದು ಸೊರಗಿದ್ದ ಬ್ಲಾಗರನ್ನು ಕೊಂಡುಕೊಂಡಿತು. ಏಪ್ರಿಲಿನಲ್ಲಿ ಪದಗಳ ಅರ್ಥ ಹಿಡಿಯುವ ತಂತ್ರಾಂಶವಿದ್ದ ‘ಅಪ್ಲೈಡ್ ಸೆಮ್ಯಾಂಟಿಕ್ಸ್’ ಕಂಪನಿಯನ್ನು ಸುಮಾರು 10 ಕೋಟಿ ಡಾಲರಿಗೆ ಖರೀದಿಸಿತು. ಜೂನಿನಲ್ಲಿ ‘ಆ್ಯಡ್‌ಸೆನ್ಸ್’ ಯೋಜನೆಯನ್ನು ಎಲ್ಲರಿಗೂ ತೆರೆಯಿತು. ಬರೆಯುವ ಜಾಗ, ಓದಿ ಅರ್ಥ ಮಾಡಿಕೊಳ್ಳುವ ಯಂತ್ರ, ಹಣ ಕೊಡುವ ವ್ಯಾಪಾರಿ, ಮೂರೂ ಒಂದೇ ಸೂರಿನಡಿ ಬಂದವು.

ಅದು ಕೆಲಸ ಮಾಡುವ ಬಗೆ ಹೀಗೆ. ಬರಹಗಾರ ತನ್ನ ಪುಟದಲ್ಲಿ ಗೂಗಲ್ ಕೊಟ್ಟ ನಾಲ್ಕು ಸಾಲಿನ ಸಂಕೇತವನ್ನು ಅಂಟಿಸುತ್ತಾನೆ. ಯಂತ್ರ ಪುಟವನ್ನು ಓದಿ ಅದು ಯಾವ ವಿಷಯದ್ದೆಂದು ಊಹಿಸುತ್ತದೆ. ಓದುಗ ಪುಟ ತೆರೆದ ಗಳಿಗೆಯಲ್ಲಿ, ಆತ ಕಣ್ಣು ಮಿಟುಕಿಸುವುದರೊಳಗೆ, ಆ ಜಾಗಕ್ಕಾಗಿ ಜಾಹೀರಾತುದಾರರ ನಡುವೆ ಹರಾಜು ನಡೆಯುತ್ತದೆ. ಹೆಚ್ಚು ಕೂಗಿದವನ ಜಾಹೀರಾತು ಕಾಣಿಸಿಕೊಳ್ಳುತ್ತದೆ. 2024ರ ಆರಂಭದವರೆಗೆ, ಓದುಗ ಅದರ ಮೇಲೆ ಕ್ಲಿಕ್ ಮಾಡಿದರೆ ವ್ಯಾಪಾರಿಯ ಖಾತೆಯಿಂದ ಹಣ ಕಡಿತವಾಗಿ ಅದರಲ್ಲಿ ಒಂದು ಪಾಲು ಬರಹಗಾರನಿಗೆ ಸೇರುತ್ತಿತ್ತು. ಆ ಪಾಲು ಎಷ್ಟೆಂಬುದನ್ನು ಗೂಗಲ್ ಏಳು ವರ್ಷ ಬಾಯಿ ಬಿಟ್ಟು ಹೇಳಲಿಲ್ಲ. 2010ರ ಮೇ ತಿಂಗಳಲ್ಲಿ ಶೇ 68 ಎಂದು ಪ್ರಕಟಿಸಿತು. ಏಳು ವರ್ಷ ಲೆಕ್ಕ ಕೇಳದೆ ಜಗತ್ತಿನ ಲಕ್ಷಾಂತರ ಜನ ದುಡಿದರೆಂಬುದೇ ಒಂದು ಸೋಜಿಗ. ಗೇಣಿಗೆ ಹೊಲ ಮಾಡುವವನೂ ಮೊದಲು ಧಣಿಯ ಪಾಲೆಷ್ಟೆಂದು ಕೇಳಿಯೇ ನೇಗಿಲು ಹೂಡುತ್ತಿದ್ದ!

ಯಂತ್ರದ ಓದು ನಗೆಪಾಟಲಿಗೂ ಈಡಾಯಿತು. 2003ರಲ್ಲೇ, ಶವವನ್ನು ಸೂಟ್‌ಕೇಸಿನಲ್ಲಿ ತುಂಬಿ ಸಾಗಿಸಿದ ಕೊಲೆ ಪ್ರಕರಣದ ಸುದ್ದಿಯ ಪಕ್ಕದಲ್ಲಿ ಅಮೆರಿಕದ ಪತ್ರಿಕೆಯೊಂದರ ತಾಣ ಸೂಟ್‌ಕೇಸುಗಳ ಜಾಹೀರಾತು ತೋರಿಸಿತ್ತು. ಇನ್ನು ಬುದ್ಧಿವಂತರು ನೆಂಟರಿಷ್ಟರಿಗೆಲ್ಲ ಹೇಳಿ ಬೆಳಗಿನಿಂದ ಸಂಜೆವರೆಗೆ ಕ್ಲಿಕ್ ಮಾಡಿಸಿ, ಖಾತೆಯೇ ರದ್ದಾಗಿ ಕೈ ಸುಟ್ಟುಕೊಂಡರು. ಲೆಕ್ಕದಲ್ಲಿ 100 ಡಾಲರ್ ಸೇರುವವರೆಗೆ ಹಣ ಕೈಗೆ ಬರುತ್ತಿರಲಿಲ್ಲ. ವಿಳಾಸ ಖಾತರಿಗೆ ಗುಟ್ಟಿನ ಅಂಕೆಯುಳ್ಳ ಪುಟ್ಟ ಕಾಗದವೊಂದು ಅಂಚೆಯಲ್ಲಿ ಬರಬೇಕಿತ್ತು. ಬೆಳಕಿನ ವೇಗದ ಈ ವ್ಯವಹಾರ ಕೊನೆಗೆ ಕಾಯುತ್ತಿದ್ದದ್ದು ನಮ್ಮ ಪೋಸ್ಟ್‌ಮ್ಯಾನ್‌ನ ಸೈಕಲ್ಲಿಗೆ.

ಭಾರತದಲ್ಲಿ ಇದನ್ನೇ ಪೂರ್ಣಾವಧಿ ವೃತ್ತಿ ಮಾಡಿಕೊಂಡ ಮೊದಲಿಗರೆಂದು ಅಮಿತ್ ಅಗರವಾಲ್ ಅವರನ್ನು ಗುರುತಿಸುತ್ತಾರೆ. ಐಐಟಿ ರೂರ್ಕಿಯಲ್ಲಿ ಓದಿ ಕಂಪ್ಯೂಟರ್ ಕಂಪನಿಯಲ್ಲಿದ್ದ ಅವರು 2004ರಲ್ಲಿ ನೌಕರಿ ಬಿಟ್ಟು ಆಗ್ರಾದ ಮನೆಯಿಂದ ‘ಡಿಜಿಟಲ್ ಇನ್‌ಸ್ಪಿರೇಷನ್’ ಬ್ಲಾಗ್ ನಡೆಸಿದರು. ಕಂಪ್ಯೂಟರ್ ಬಳಕೆಯ ಚಿಕ್ಕಪುಟ್ಟ ಉಪಾಯಗಳನ್ನು ತಿಳಿಸಿಕೊಡುವ ಬರಹ ಅದು. ಗಮನಿಸಬೇಕಾದ್ದು ಏನೆಂದರೆ ಅದು ಇಂಗ್ಲಿಷಿನಲ್ಲಿತ್ತು. ಓದುಗರು ಜಗತ್ತಿನ ಎಲ್ಲೆಡೆಯಿಂದ ಬರುತ್ತಿದ್ದರು, ಅವರಿಗಾಗಿ ಡಾಲರಿನಲ್ಲಿ ಹರಾಜು ಕೂಗುವವರಿದ್ದರು. ಖರ್ಚು ಆಗ್ರಾದ್ದು, ಆದಾಯ ಅಮೆರಿಕದ್ದು.

ಕನ್ನಡದ ಕತೆ ಬೇರೆ. ನಮ್ಮವರು ಅಂತರ್ಜಾಲಕ್ಕೆ ತಡವಾಗಿ ಬಂದವರೇನೂ ಅಲ್ಲ. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಜಾಲಪತ್ರಿಕೆ 1996ರಷ್ಟು ಹಿಂದೆಯೇ ಬಂದಿತ್ತು. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಮನೆಮನೆಯ ಕಂಪ್ಯೂಟರಿಗೆ ಕನ್ನಡ ಬೆರಳಚ್ಚು ತಂದಿತು. ತೊಡಕಿದ್ದದ್ದು ಅಕ್ಷರದ ಒಡಲಿನಲ್ಲಿ. ಅಂದಿನ ಕನ್ನಡ ಫಾಂಟುಗಳಲ್ಲಿ ನಮ್ಮ ಕಣ್ಣಿಗೆ ‘ಕ’ ಎಂದು ಕಂಡದ್ದು ಯಂತ್ರದ ಹೊಟ್ಟೆಯಲ್ಲಿ ಯಾವುದೋ ಇಂಗ್ಲಿಷ್ ಅಕ್ಷರವೋ ಚಿಹ್ನೆಯೋ ಆಗಿರುತ್ತಿತ್ತು. ಒಂದು ಫಾಂಟಿನ ಬರಹ ಇನ್ನೊಂದರಲ್ಲಿ ತೆರೆದರೆ ಕಲಸುಮೇಲೋಗರ. ಹುಡುಕುಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯುತ್ತಿರಲಿಲ್ಲ. ಓದಲಾರದ ಯಂತ್ರ ಜಾಹೀರಾತು ಹೇಗೆ ಆರಿಸೀತು?

ಪ್ರತಿ ಅಕ್ಷರಕ್ಕೂ ಜಗತ್ತಿನಲ್ಲೆಲ್ಲ ಒಂದೇ ಅಂಕೆ ಎನ್ನುವ ಯೂನಿಕೋಡ್ ಪದ್ಧತಿ 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ನಮ್ಮ ಸಾಮಾನ್ಯ ಬಳಕೆದಾರರ ಕೈಗೆ ಸಿಕ್ಕಿತು. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗರ ‘ಸಂಪದ’ ಬಂದವು. ಅದರ ಬೆನ್ನಿಗೆ ಕನ್ನಡ ಬ್ಲಾಗುಗಳ ಸುಗ್ಗಿಯೇ ನಡೆಯಿತು. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಯಲ್ಲಿದ್ದವರು ಮಲೆನಾಡಿನ ಮಳೆಯ ಬಗ್ಗೆ ಬರೆದರು, ವಿದೇಶದಲ್ಲಿದ್ದವರು ಬಿಟ್ಟುಬಂದ ಊರಿನ ಜಾತ್ರೆಯ ಬಗ್ಗೆ ಬರೆದರು, ಪತ್ರಕರ್ತರು ಪತ್ರಿಕೆಯಲ್ಲಿ ಹೇಳಲಾಗದ್ದನ್ನು ಬರೆದರು. ಒಂದು ಬರಹಕ್ಕೆ ಇಪ್ಪತ್ತು ಪ್ರತಿಕ್ರಿಯೆ ಬಂದರೆ ಹಬ್ಬ. ಆದರೆ ಬಿಡಿಗಾಸು? ಆ್ಯಡ್‌ಸೆನ್ಸ್ ಬೆಂಬಲಿಸುವ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪಟ್ಟಿಯಲ್ಲಿಲ್ಲದ ಭಾಷೆಯ ಪುಟದಲ್ಲಿ ಅದನ್ನು ಅಂಟಿಸುವುದು ನಿಯಮಕ್ಕೆ ವಿರುದ್ಧ. ಹಿಂದಿಗೇ ಅವಕಾಶ ಸಿಕ್ಕಿದ್ದು 2014ರ ಡಿಸೆಂಬರಿನಲ್ಲಿ. ಬಂಗಾಳಿ 2017ರಲ್ಲಿ, ತಮಿಳು ಮತ್ತು ತೆಲುಗು 2018ರಲ್ಲಿ ಸೇರಿದವು. ಕನ್ನಡದ ಸರದಿ ಬಂದದ್ದು ಇವೆಲ್ಲದರ ನಂತರ.

ಅಷ್ಟರಲ್ಲಿ ಸುಗ್ಗಿ ಮುಗಿದಿತ್ತು. ಬರೆಯುತ್ತಿದ್ದವರು ಫೇಸ್‌ಬುಕ್ಕಿಗೆ ವಲಸೆ ಹೋಗಿದ್ದರು. ಬ್ಲಾಗುಗಳನ್ನು ಒಟ್ಟಿಗೆ ಓದಲು ನೆರವಾಗುತ್ತಿದ್ದ ಗೂಗಲ್ ರೀಡರ್ ಕೂಡ 2013ರ ಜುಲೈಯಲ್ಲಿ ಬಾಗಿಲು ಹಾಕಿತ್ತು. ಹಣವಿಲ್ಲದ್ದರಿಂದಲೇ ಆ ಕಾಲದ ಕನ್ನಡ ಬ್ಲಾಗುಗಳು ಅಷ್ಟು ಚೆನ್ನಾಗಿದ್ದವು ಎಂದು ಹೇಳುವವರಿದ್ದಾರೆ. ಇದರಲ್ಲಿ ಅರ್ಧ ಸತ್ಯವಿದೆ. ಕ್ಲಿಕ್ಕಿಗೆ ಬೆಲೆಯಿಲ್ಲದಿದ್ದರೆ ‘ಇದನ್ನು ಓದಿದರೆ ನೀವು ಬೆಚ್ಚಿ ಬೀಳ್ತೀರಿ’ ಎಂಬ ತಲೆಬರಹಕ್ಕೂ ಬೆಲೆಯಿಲ್ಲ. ಆದರೆ ಹಣವಿಲ್ಲದ ಬರವಣಿಗೆ ಸಂಬಳವಿದ್ದವರಿಗೆ ಮಾತ್ರ ಸಾಧ್ಯ ಎಂಬುದು ಇನ್ನರ್ಧ. ಸಂಬಳವಿದ್ದವರಿಗೂ ಮದುವೆಯಾಗಿ, ಮಕ್ಕಳಾಗಿ, ಬಿಡುವು ಕಡಿಮೆಯಾದಂತೆ ಬ್ಲಾಗುಗಳು ಒಂದೊಂದಾಗಿ ಮೌನವಾದವು. ಕೊನೆಯ ಬರಹದ ಕೆಳಗೆ ‘ಯಾಕೆ ಈಚೆಗೆ ಬರೆಯುತ್ತಿಲ್ಲ?’ ಎಂಬ ಪ್ರಶ್ನೆ ಉತ್ತರವಿಲ್ಲದೆ ನಿಂತ ಪುಟಗಳು ಈಗಲೂ ಸಿಗುತ್ತವೆ.

ಪಟ್ಟಿಗೆ ಸೇರಿದ ಮೇಲಾದರೂ ಸುಖವಾಯಿತೇ ಎಂದರೆ, ಹರಾಜಿನ ನಿಯಮ ಅಡ್ಡ ಬರುತ್ತದೆ. ಗೃಹಸಾಲದ ಬಗೆಗಿನ ಇಂಗ್ಲಿಷ್ ಪುಟಕ್ಕೆ ಹತ್ತು ಬ್ಯಾಂಕುಗಳು ಪೈಪೋಟಿಗೆ ನಿಲ್ಲುತ್ತವೆ. ಹಲಸಿನ ಹಪ್ಪಳದ ಬಗೆಗಿನ ಕನ್ನಡ ಪುಟಕ್ಕೆ ಕೂಗುವವರು ಇಬ್ಬರೂ ಇರಲಿಕ್ಕಿಲ್ಲ. ಓದುಗರ ಸಂಖ್ಯೆ ಒಂದೇ ಇದ್ದರೂ ಆದಾಯದಲ್ಲಿ ಅಜಗಜಾಂತರ. ಬರಹದ ಗುಣಕ್ಕೆ ಈ ಲೆಕ್ಕದಲ್ಲಿ ಸ್ಥಾನವಿಲ್ಲ. ಓದುವವನ ಕಿಸೆ ಮತ್ತು ಆತನಿರುವ ದೇಶವೇ ದರ ನಿಶ್ಚಯಿಸುತ್ತವೆ.

ಕನ್ನಡಕ್ಕೆ ಕಾಸು ಹುಟ್ಟಿಸಿದ್ದು ಕೊನೆಗೂ ಬರಹವಲ್ಲ, ಮಾತು. 2005ರಲ್ಲಿ ಆರಂಭವಾಗಿ ಮರುವರ್ಷ 165 ಕೋಟಿ ಡಾಲರಿಗೆ ಗೂಗಲ್ ಪಾಲಾದ ಯೂಟ್ಯೂಬ್, 2007ರಿಂದ ವಿಡಿಯೊ ಮಾಡಿದವರಿಗೆ ಜಾಹೀರಾತಿನ ಪಾಲು ಕೊಡತೊಡಗಿತು. ದೀರ್ಘ ವಿಡಿಯೊಗಳಿಗೆ ಆ ಪಾಲು ಶೇ 55. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಹಳ್ಳಿಹಳ್ಳಿಯಲ್ಲೂ ನೋಡುವವರು ಹುಟ್ಟಿದರು. ಓದುಬರಹ ಬಾರದವರೂ ಇಲ್ಲಿ ಗಿರಾಕಿಗಳೇ. ‘ಡಾಕ್ಟರ್ ಬ್ರೋ’ ಎಂದೇ ಹೆಸರಾದ ಗಗನ್ ಶ್ರೀನಿವಾಸ್ ಅಪ್ಪಟ ಕನ್ನಡದಲ್ಲಿ ಮಾತಾಡುತ್ತಲೇ ದೇಶದೇಶ ಸುತ್ತಿ ತೋರಿಸಿದ ವಿಡಿಯೊಗಳನ್ನು ಲಕ್ಷಗಟ್ಟಲೆ ಮಂದಿ ನೋಡಿದರು. ಅಡುಗೆ, ಕೃಷಿ, ಸ್ಪರ್ಧಾತ್ಮಕ ಪರೀಕ್ಷೆಯ ಪಾಠ ಮೊದಲಾದ ವಿಷಯಗಳಲ್ಲಿ ಕನ್ನಡದ ಚಾನೆಲ್‌ಗಳು ತಲೆಯೆತ್ತಿದವು.

ಆದರೆ ಅಂಗಳ ಯಾರದೋ, ಆಟವಾಡುವವರು ಯಾರೋ. 2018ರ ಜನವರಿಯಲ್ಲಿ ಯೂಟ್ಯೂಬ್, ಒಂದು ಸಾವಿರ ಚಂದಾದಾರರು ಮತ್ತು ವರ್ಷದಲ್ಲಿ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆ ಇಲ್ಲದವರಿಗೆ ಜಾಹೀರಾತಿನ ಹಣ ಇಲ್ಲವೆಂದು ಸಾರಿತು. ಅಲ್ಪಸ್ವಲ್ಪ ಗಳಿಸುತ್ತಿದ್ದ ಸಣ್ಣವರು ಒಂದೇ ಪ್ರಕಟಣೆಯಿಂದ ಪಟ್ಟಿಯ ಹೊರಗಾದರು. ಅದಕ್ಕಿಂತ ಜೋರಾದ ಪೆಟ್ಟು 2020ರ ಜೂನ್ 29ರದು. ಚೀನಾ ಗಡಿಯ ಸಂಘರ್ಷದ ಬೆನ್ನಲ್ಲಿ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಅಲ್ಲಿ ಲಕ್ಷಾಂತರ ಅಭಿಮಾನಿಗಳನ್ನು ಗಳಿಸಿದ್ದವರ ಗಳಿಕೆ ಸೊನ್ನೆಗೆ ಬಂತು. ನಿಷೇಧದ ಕಾರಣದ ಬಗ್ಗೆ ಇಲ್ಲಿ ಚರ್ಚಿಸಬೇಕಿಲ್ಲ. ಆದರೆ ಊರು ಬಿಡುವವನು ಪಾತ್ರೆಪಡಗವನ್ನಾದರೂ ಹೊತ್ತೊಯ್ಯಬಹುದು, ಅಭಿಮಾನಿಗಳನ್ನು ಹೊತ್ತೊಯ್ಯಲಾಗುವುದಿಲ್ಲ. ಮರು ತಿಂಗಳೇ ಇನ್‌ಸ್ಟಾಗ್ರಾಂ ‘ರೀಲ್ಸ್’ ತಂದು ಆ ಜಾಗ ತುಂಬಿತು.

ರೀಲ್ಸ್ ಮಾಡುವವರಿಗೆ ಹೆಚ್ಚಿನ ಹಣ ಬರುವುದು ಕಂಪನಿಗಳಿಂದ ನೇರವಾಗಿ. ಸೋಪು, ಸೀರೆ, ಸೈಟು ಯಾವುದನ್ನಾದರೂ ಹೊಗಳಿ ಮಾತಾಡಿದ್ದಕ್ಕೆ ಸಂಭಾವನೆ. ಹೊಗಳಿಕೆ ಹೃದಯದ್ದೋ ಹಣದ್ದೋ ತಿಳಿಯದಂತಾದಾಗ ಕಾನೂನು ನಡುವೆ ಬಂತು. ಅಮೆರಿಕದಲ್ಲಿ 2009ರಲ್ಲೇ ಇಂಥ ನಿಯಮ ಬಂದಿತ್ತು. ನಮ್ಮಲ್ಲಿ ಜಾಹೀರಾತು ಗುಣಮಟ್ಟ ಮಂಡಳಿ 2021ರ ಜೂನಿನಿಂದ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಜನವರಿಯಿಂದ, ಹಣ ಅಥವಾ ಉಡುಗೊರೆ ಪಡೆದು ಮಾಡಿದ ಪ್ರಚಾರವನ್ನು ಪ್ರಚಾರವೆಂದೇ ಎದ್ದು ಕಾಣುವಂತೆ ಹೇಳಬೇಕೆಂದು ಸೂಚಿಸಿದವು. ತೆರಿಗೆಯವರೂ ಸುಮ್ಮನಿರಲಿಲ್ಲ. 2022ರ ಜುಲೈಯಿಂದ, ವರ್ಷಕ್ಕೆ 20 ಸಾವಿರ ರೂಪಾಯಿ ಮೀರುವ ಇಂಥ ಉಡುಗೊರೆಗಳ ಮೇಲೆ ಶೇ 10ರಷ್ಟು ತೆರಿಗೆ ಮುರಿದುಕೊಳ್ಳುವ ನಿಯಮ ಜಾರಿಗೆ ಬಂತು. ವ್ಯವಹಾರವೊಂದು ಗಟ್ಟಿಯಾಗಿದೆ ಎಂಬುದಕ್ಕೆ ತೆರಿಗೆ ಇಲಾಖೆ ಬಾಗಿಲು ತಟ್ಟುವುದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲವೇನೋ.

ಇಷ್ಟೆಲ್ಲದರ ನಡುವೆ ಓದುಗನೇ ಬರಹಗಾರನಿಗೆ ಹಣ ಕೊಡುವ ಹಳೆಯ ಪದ್ಧತಿ ಏನಾಯಿತು? 2005ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಜೇಸನ್ ಕಾಟ್ಕಿ ಎಂಬ ಬ್ಲಾಗರ್ ಕೆಲಸ ಬಿಟ್ಟು, ಒಂದು ವರ್ಷ ಬರೆಯುತ್ತೇನೆ, ನೀವೇ ಸಾಕಿ ಎಂದು ಓದುಗರನ್ನು ಕೇಳಿದ. 1,450 ಮಂದಿ ಸೇರಿ 39,900 ಡಾಲರ್ ಕೊಟ್ಟರು. ವರ್ಷ ಮುಗಿದಾಗ, ಮತ್ತೆ ಮತ್ತೆ ಕೈಯೊಡ್ಡಿ ಇದನ್ನು ನಡೆಸಲಾರೆ ಎಂದು ಆತ ನಿಲ್ಲಿಸಿ ಜಾಹೀರಾತಿಗೆ ಹೋದ. 2010ರ ದಶಕದಲ್ಲಿ ಸಣ್ಣ ತಾಣಗಳ ಜಾಹೀರಾತು ಬತ್ತಿದಾಗ, 2016ರಲ್ಲಿ ಪುನಃ ಓದುಗರ ಬಳಿಗೇ ಬಂದ. ಈ ಸಲ ತಿಂಗಳಿಗೆ ಇಷ್ಟೆಂಬ ಸದಸ್ಯತ್ವ. ಕೊಟ್ಟವರೂ ಕೊಡದವರೂ ಒಂದೇ ಪುಟವನ್ನು ಓದುತ್ತಾರೆ.

ಕನ್ನಡದಲ್ಲಿ ಯುಪಿಐಗೆ ಮುಂಚೆ ಇದನ್ನು ಮಾಡಹೊರಟಿದ್ದರೆ ಹತ್ತು ರೂಪಾಯಿ ಕಳುಹಿಸುವುದು ಬಹಳಷ್ಟು ಓದುಗರಿಗೆ ಸಲೀಸಾಗಿರುತ್ತಿರಲಿಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ಆ ಅಡ್ಡಿ ಇಲ್ಲ. ಕನ್ನಡದ ಕೆಲವು ಸ್ವತಂತ್ರ ಸುದ್ದಿತಾಣಗಳು ಓದುಗರ ನೆರವನ್ನು ಬಹಿರಂಗವಾಗಿಯೇ ಕೇಳುತ್ತಿವೆ. ಲೇಖನದ ಕೆಳಗೊಂದು ಕಪ್ಪುಬಿಳುಪಿನ ಚೌಕ, ಪಕ್ಕದಲ್ಲಿ ‘ನಿಮ್ಮ ಕೈಲಾದಷ್ಟು’ ಎಂಬ ಒಕ್ಕಣೆ. ಹತ್ತು ರೂಪಾಯಿ ಕೊಟ್ಟರೆ ಹತ್ತೂ ರೂಪಾಯಿ ತಲುಪುತ್ತದೆ. ನಡುವೆ ಶೇಕಡಾವಾರು ಕೇಳುವವರಿಲ್ಲ.